ಹುಣಸೆಬೀಜ ಎಣಿಸಿದ ಜೋಯಿಸ

"ಬುದ್ಧೀ, ಬೇರೆ ಮಠಕ್ಕೆ ಹೋಗಲು ಅಪ್ಪಣೆ ಕೊಡುತ್ತೀರಾ?" ಎಂದು ಮುರಿಗಯ್ಯ ಗುರುಗಳನ್ನು ಕೇಳಿದ. ಬಟ್ಟೆಗಂಟು ಆಗಲೇ ಕಂಕುಳಲ್ಲಿತ್ತು. ಹನ್ನೆರಡು ವರ್ಷ ಅವನೂ ರೇವಣಯ್ಯನೂ ಜೋಡಿಯಾಗಿ ಪ್ರವಚನ ಹೇಳಿದವರು. ಈಗೀಗ ರೇವಣಯ್ಯ ಬಾಯಿ ತೆರೆದರೆ ಸಾಕು, ಮುರಿಗಯ್ಯ ಯಾರ ಲೆಕ್ಕಕ್ಕೂ ಇಲ್ಲ. ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಗೆಳೆಯನನ್ನು ಬಿಟ್ಟು ಹೋಗಬೇಕಲ್ಲ ಎಂದು ದುಃಖವೂ ಆಗುತ್ತಿತ್ತು.

"ಕೂತುಕೋ. ನಿನ್ನ ಗಂಟೇನೂ ಓಡಿಹೋಗುವುದಿಲ್ಲ" ಎಂದ ಗುರುಗಳು ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಜೋಯಿಸ. ಪಂಚಾಂಗ ಬರೆಯುವವನು, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ಆಕಾಶದಲ್ಲಿ ಒಂದು ನಕ್ಷತ್ರ ಆಗಾಗ ಮಂಕಾಗುವುದನ್ನು ಕಂಡ. ಇದಕ್ಕೆ ಕ್ಷಯ ಹಿಡಿದಿದೆ, ಇದನ್ನು ನೋಡಿ ಯಾರೂ ಶುಭಕಾರ್ಯ ಮಾಡಬಾರದು ಎಂದು ಪಂಚಾಂಗದಲ್ಲಿ ಬರೆಯಲು ಕೂತ. ಬರೆಯುತ್ತಿದ್ದಂತೆ ಓಲೆಯ ಮೇಲೆ ನೆರಳು ಕವಿಯಿತು.

"ದೀಪ ಸಣ್ಣಗಾಯಿತು, ಎಣ್ಣೆ ಹಾಕೇ" ಎಂದ.

ಕೈದೀಪ ಹಿಡಿದು ಅಡುಗೆಮನೆಗೆ ಹೊರಟಿದ್ದ ಹೆಂಡತಿ, "ದೀಪಕ್ಕೇನು ಧಾಡಿ? ಅಡ್ಡ ಬಂದವಳು ನಾನು" ಎಂದಳು.

ಜೋಯಿಸ ಬರೆಯುವುದನ್ನು ನಿಲ್ಲಿಸಿದ. ಅಂದಿನಿಂದ ದಿನಕ್ಕೊಂದು ಹುಣಸೆಬೀಜವನ್ನು ಗೋಡೆಯ ಗೂಡಿನಲ್ಲಿಟ್ಟು ಎಣಿಸಿದ. ಆ ನಕ್ಷತ್ರದ ಬೆಳಕನ್ನು ಪಕ್ಕದ ನಕ್ಷತ್ರದ ಬೆಳಕಿನೊಡನೆ ತಾಳೆ ನೋಡಿದ. ಹದಿಮೂರು ಬೀಜಕ್ಕೊಮ್ಮೆ ತಪ್ಪದೆ ಮಂಕು. ರೋಗ ಹೀಗೆ ದಿನ ಎಣಿಸಿಕೊಂಡು ಬರುವುದುಂಟೇ? ಅಲ್ಲಿದ್ದದ್ದು ಒಂದಲ್ಲ, ಎರಡು. ಒಂದನ್ನೊಂದು ಸುತ್ತುತ್ತಿದ್ದವು. ದೂರದಿಂದ ನೋಡುವವರಿಗೆ ಒಂದೇ ಎನಿಸುತ್ತಿತ್ತು. ಬೆಳಕು ಕಡಿಮೆಯಿದ್ದದ್ದು ಅಡ್ಡ ಬಂದಾಗ ಹೆಚ್ಚು ಬೆಳಗುವುದು ಮರೆಯಾಗುತ್ತಿತ್ತು, ಅಷ್ಟೇ. ಜೋಯಿಸ ತಾನು ಬರೆದದ್ದನ್ನು ಅಳಿಸಿದ.

ಮುರಿಗಯ್ಯನ ಮುಖ ಅರಳಿತು. "ಹಾಗಾದರೆ ತಪ್ಪೆಲ್ಲ ಆ ಅಡ್ಡ ಬಂದದ್ದರದ್ದೇ ಅಲ್ಲವೇ ಬುದ್ಧೀ?"

"ಜೋಯಿಸನೂ ಮೊದಲು ಹಾಗೇ ಅಂದುಕೊಂಡಿದ್ದ. ಆದರೂ ಬೀಜ ಎಣಿಸುವುದನ್ನು ಬಿಡಲಿಲ್ಲ. ಆರೇಳನೆಯ ಬೀಜದ ಹೊತ್ತಿಗೆ ಇನ್ನೊಂದು ಸಣ್ಣ ಮಂಕು ಬರುತ್ತಿತ್ತು. ಆಗ ಅಡ್ಡ ನಿಲ್ಲುತ್ತಿದ್ದದ್ದು ಹೆಚ್ಚು ಬೆಳಗುವ ನಕ್ಷತ್ರ. ಹಿಂದೆ ಮುಚ್ಚಿಹೋಗುತ್ತಿದ್ದದ್ದು ಬೆಳಕು ಕಡಿಮೆಯಿದ್ದದ್ದು. ಅದರ ಬೆಳಕು ಹೋದದ್ದು ಅಲ್ಲಿಯವರೆಗೆ ಯಾರ ಗಮನಕ್ಕೂ ಬಂದಿರಲಿಲ್ಲ."

ಮುರಿಗಯ್ಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡ. "ಅದರಿಂದ ನನಗೇನು ಬುದ್ಧೀ?"

"ನಿನ್ನೆ ಸಂಜೆ ರೇವಣಯ್ಯನೂ ಗಂಟು ಕಟ್ಟಿಕೊಂಡು ಬಂದು, ನೀನು ಕೂತ ಜಾಗದಲ್ಲೇ ಕೂತು, ಇದೇ ಅಪ್ಪಣೆ ಕೇಳಿದ."