ಬತ್ತಿಯ ಎಳೆ, ನೈಲಾನ್ ದಾರ

ಎಲೆ ಹೊಲಿದು ಗೂಡು ಮಾಡುವ ಸಿಂಪಿಗ ಹಕ್ಕಿಯ ಹೊಲಿಗೆ ಮೂರನೆಯ ಸಲವೂ ಗಾಳಿಗೆ ಬಿಚ್ಚಿಕೊಂಡಿತು. ಮೊಟ್ಟೆಯಿಡಲು ಎರಡೇ ದಿನ ಉಳಿದಿತ್ತು. ಹಕ್ಕಿ ಅಳಲಿಲ್ಲ, ಗಾಳಿಯನ್ನು ಬೈಯಲೂ ಇಲ್ಲ. ಗಿಡದಲ್ಲೇ ತೂಗುತ್ತಿದ್ದ ಬಾದಾಮಿ ಎಲೆಯ ಅಂಚುಗಳನ್ನು ಸೇರಿಸಿ ಮತ್ತೆ ಕೊಕ್ಕಿನಿಂದ ತೂತು ಹಾಕತೊಡಗಿತು. ಅದರ ಹತ್ತಿರ ಇದ್ದದ್ದು ಜೇಡ ಬಿಟ್ಟುಹೋದ ಹಳೇ ಬಲೆ, ಯಾರೋ ದೀಪದಿಂದ ತೆಗೆದೆಸೆದ ಬತ್ತಿಯ ಹತ್ತಿ, ಅಷ್ಟೇ.

ಪಕ್ಕದ ಕೊಂಬೆಯಲ್ಲಿ ತಂತಿಯ ಗೂಡು ಕಟ್ಟಿದ್ದ ಕಾಗೆಗೆ ನೋಡಿ ನೋಡಿ ಸಾಕಾಯಿತು. ಹಸಿರು ನೈಲಾನ್ ದಾರವೊಂದನ್ನು ತಂದು ಹಕ್ಕಿಯ ಮುಂದೆ ಹಾಕಿತು.

"ನಿನ್ನ ಕುಸುರಿ ಚೆನ್ನ ತಂಗಿ, ದಾರ ಮಾತ್ರ ದಂಡ. ಇದನ್ನು ತಗೋ. ನೂರು ವರ್ಷವಾದರೂ ಹಾಳಾಗುವುದಿಲ್ಲ."

"ನನ್ನ ಮರಿಗಳು ತಿಂಗಳೊಳಗೆ ಹಾರಿಹೋಗುತ್ತವೆ, ಕಾಗಣ್ಣ. ಎಲೆಯೂ ಉದುರಿ ಮಣ್ಣಾಗುತ್ತದೆ. ಆಮೇಲೆ ಈ ದಾರ ಏನಾಗುತ್ತದೆ?"

"ಏನೂ ಆಗುವುದಿಲ್ಲ. ಎಲ್ಲೋ ಬಿದ್ದಿರುತ್ತದೆ."

"ಬಿದ್ದಿದ್ದು ಯಾರ ಕಾಲಿಗೆ ಸುತ್ತಿಕೊಳ್ಳಬೇಕು?" ಎನ್ನುತ್ತ ಸಿಂಪಿಗ ಬತ್ತಿಯ ಎಳೆಯನ್ನು ನಾಲ್ಕನೆಯ ಸಲ ತೂತಿಗೆ ಪೋಣಿಸಿತು.

ಹೋದ ವರ್ಷ ಇಂಥದೇ ದಾರ ಬಿಗಿದು ಎರಡು ಬೆರಳು ಉದುರಿಹೋಗಿದ್ದ ತನ್ನ ಕಾಲನ್ನು ಕಾಗೆ ಮೆಲ್ಲಗೆ ಗರಿಯೊಳಗೆ ಎಳೆದುಕೊಂಡಿತು.