ಬಾವಿಯ ಮೀನಿನ ಕೆಲಸ

ಬಣ್ಣದ ಕಾರ್ಖಾನೆಯವರು ಕೊಳಕು ನೀರನ್ನು ಊರಿನ ಹಳ್ಳಕ್ಕೆ ಬಿಟ್ಟರು. ಅದೇ ಹಳ್ಳದ ದಂಡೆಯಲ್ಲಿ ಅಧಿಕಾರಿಗಳು ‘ಕುಡಿಯಲು ಯೋಗ್ಯ’ ಎಂದು ಫಲಕ ನೆಡಿಸಿದರು. ಆ ಊರಿನ ಶಿಷ್ಯನೊಬ್ಬ ಗುರುಗಳ ಮುಂದೆ ಕುಳಿತು ಕೇಳಿದ:

“ಗುರುಗಳೇ, ನೀರು ಪರೀಕ್ಷೆ ಮಾಡಲು ಸರ್ಕಾರವೇ ಜನರನ್ನು ಇಟ್ಟಿದೆ. ಅವರು ನೀರು ಚೆನ್ನಾಗಿದೆ ಎಂದಿದ್ದಾರೆ. ಊರಿನವರು ಮಾತ್ರ ಕಚೇರಿಯ ಮುಂದೆ ಕೂರೋಣ ಬಾ ಎಂದು ನನ್ನನ್ನು ಕರೆಯುತ್ತಾರೆ. ಸರ್ಕಾರ ನೋಡಿಕೊಳ್ಳುತ್ತಿರುವಾಗ ನಾನೇಕೆ ಹೋಗಬೇಕು?”

ಗುರುಗಳು ಕತೆ ಹೇಳಿದರು.

ಒಂದು ಊರು. ಎಲ್ಲರಿಗೂ ಕುಡಿಯಲು ಒಂದೇ ಬಾವಿ. ಬಾವಿಯ ಮೇಲ್ಗಡೆಯ ದಿಣ್ಣೆಯಲ್ಲಿ ಒಬ್ಬ ವ್ಯಾಪಾರಿ ತೊಟ್ಟಿಗಳನ್ನು ಕಟ್ಟಿಸಿ ಬಟ್ಟೆಗೆ ಬಣ್ಣ ಹಾಕಿಸುತ್ತಿದ್ದ. ರಾಜ ಬಾವಿಗೆ ಮೀನು ಬಿಡಿಸಿ, ಒಬ್ಬ ಕಾವಲುಗಾರನನ್ನು ಇಟ್ಟು ಹೇಳಿದ: “ಮೀನುಗಳನ್ನು ನೋಡುತ್ತಿರು. ಅವು ಸತ್ತರೆ ನೀರು ಕೆಟ್ಟಿತೆಂದು ತಿಳಿ. ಕೂಡಲೇ ಡಂಗುರ ಹೊಡೆ.”

ಒಂದು ಬೆಳಿಗ್ಗೆ ಮೀನುಗಳು ಸತ್ತು ತೇಲಿದವು. ಕಾವಲುಗಾರ ಡಂಗುರ ಹೊಡೆದ. ಬಾವಿಯನ್ನು ಮುಚ್ಚಿಸಿದರು, ಬಣ್ಣದ ತೊಟ್ಟಿಗಳನ್ನೂ ನಿಲ್ಲಿಸಿದರು. ವ್ಯಾಪಾರಿ ಬಾವಿಯ ಉಸ್ತುವಾರಿ ನೋಡುವ ಅಧಿಕಾರಿಯ ಮನೆಗೆ ಹೋಗಿಬಂದ. ಬಾವಿಯೂ ತೆರೆಯಿತು, ತೊಟ್ಟಿಗಳೂ ತೆರೆದವು. ಅಧಿಕಾರಿ ಕಾವಲುಗಾರನನ್ನು ಕರೆಸಿದ.

“ಏನಯ್ಯಾ, ಮೀನುಗಳನ್ನು ನೋಡಿಕೊ ಎಂದು ರಾಜರು ಹೇಳಿದರೆ ಸಾಯಿಸಿಬಿಟ್ಟೆಯಲ್ಲ!”

“ನೋಡಿಕೊ ಎನ್ನಲಿಲ್ಲ ಸ್ವಾಮಿ. ನೋಡುತ್ತಿರು ಎಂದರು.”

“ನನಗೇ ಮಾತು ಕಲಿಸುತ್ತೀಯಾ? ಇನ್ನೊಂದು ಮೀನು ಸತ್ತರೆ ನಿನ್ನ ಕೆಲಸವೂ ಸತ್ತಂತೆಯೇ.”

ಕಾವಲುಗಾರ ಕೆಟ್ಟವನಲ್ಲ, ಹೆದರಿದವನು. ಆದರೆ ಹೆದರಿದವನು ಕಾಯುವ ಬಾವಿಗೂ ಕಾವಲೇ ಇಲ್ಲದ ಬಾವಿಗೂ ವ್ಯತ್ಯಾಸವಿಲ್ಲ. ಅಂದಿನಿಂದ ಅವನು ಜನ ಏಳುವ ಮೊದಲೇ ಸತ್ತ ಮೀನುಗಳನ್ನು ಬಾಚಿ ಬೇಲಿಯ ಹಿಂದೆ ಹೂಳುತ್ತಿದ್ದ. ಕೆರೆಯಿಂದ ಹೊಸ ಮೀನು ತಂದು ಬಿಡುತ್ತಿದ್ದ. ಅಧಿಕಾರಿ ಮಧ್ಯಾಹ್ನ ಬಂದು ಬಗ್ಗಿ ನೋಡಿ “ಭೇಷ್” ಎನ್ನುತ್ತಿದ್ದ. ಅರಮನೆಯಿಂದ ಕಾವಲುಗಾರನಿಗೆ ಶಾಲು ಬಂತು. ಶಾಲು ಹೊದ್ದು ಅವನು ಬಾವಿಕಟ್ಟೆಯ ಮೇಲೆ ಕುಳಿತ. ಬಾವಿಯ ನೀರನ್ನು ಮಾತ್ರ ಕುಡಿಯಲಿಲ್ಲ. ದೂರದ ಒರತೆಯ ನೀರನ್ನು ಸೋರೆಬುರುಡೆಯಲ್ಲಿ ತುಂಬಿಕೊಂಡು ಬರುತ್ತಿದ್ದ.

ಊರಿನಲ್ಲಿ ಮಕ್ಕಳು ಕಾಯಿಲೆ ಬಿದ್ದು ಮಲಗತೊಡಗಿದರು. ಹೊಟ್ಟೆ ಊದುತ್ತಿತ್ತು, ಕೈಕಾಲು ಸೋಲುತ್ತಿತ್ತು. ಬಾವಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಮೀನು ಓಡಾಡುತ್ತಿತ್ತಲ್ಲ!

ಒಂದು ದಿನ ಒಬ್ಬ ಬಳೆಗಾರ್ತಿ ಕಾಯಿಲೆಯ ಮಗನನ್ನು ಸೊಂಟದ ಮೇಲೆ ಹೊತ್ತು ನೀರಿಗೆ ಬಂದಳು. ಕಾವಲುಗಾರ ಬುರುಡೆ ಎತ್ತಿ ಕುಡಿಯುತ್ತಿದ್ದುದನ್ನು ಕಂಡು ನಕ್ಕಳು.

“ಏನಣ್ಣಾ, ಬಾವಿ ಕಾಯುವವನ ಕೈಯಲ್ಲಿ ಸೋರೆಬುರುಡೆ! ಬೀಗರ ಮನೆಯ ನೀರೋ?”

ಕಾವಲುಗಾರನಿಗೆ ನಗು ಬರಲಿಲ್ಲ. ಅವನ ಕಣ್ಣು ಹುಡುಗನ ಜೋತುಬಿದ್ದ ಕಾಲುಗಳ ಮೇಲಿತ್ತು. ಅವಳು ಕೊಡ ಇಳಿಬಿಡುವಾಗ ಹಗ್ಗ ಹಿಡಿದುಕೊಂಡ.

“ಸೇದಬೇಡ ತಾಯಿ,” ಎಂದ. ಬೇಲಿಯ ಹಿಂದೆ ಹೂತದ್ದನ್ನೆಲ್ಲ ಹೇಳಿಬಿಟ್ಟ. “ಏನು ಮಾಡಲಿ? ಮೀನು ಸತ್ತರೆ ನನ್ನ ಕೆಲಸ ಹೋಗುತ್ತಿತ್ತು.”

ಬಳೆಗಾರ್ತಿ ಮಗನನ್ನು ಎದೆಗೆ ಎಳೆದುಕೊಂಡಳು.

“ಸಾಯುವುದೇ ಆ ಮೀನಿನ ಕೆಲಸವಾಗಿತ್ತಲ್ಲಣ್ಣ. ಅದರಿಂದ ಆ ಕೆಲಸ ಬಿಡಿಸಿ ನನ್ನ ಮಗನಿಗೆ ಹಚ್ಚಿದೆಯಲ್ಲ!”

ಗುರುಗಳು ಅಲ್ಲಿಗೇ ಕತೆ ನಿಲ್ಲಿಸಿದರು. ಶಿಷ್ಯ, “ಆ ಹುಡುಗ ಉಳಿದನೇ?” ಎಂದು ಕೇಳಿದ.

“ಅವನು ನಿಮ್ಮ ಊರಿನಲ್ಲೇ ಇದ್ದಾನೆ. ಇನ್ನೂ ಉಸಿರಿದೆ. ಏಳು, ಕಚೇರಿಯ ಮುಂದೆ ಹೋಗಿ ಕೂತು, ಸತ್ತ ಮೀನುಗಳನ್ನು ಎಲ್ಲಿ ಹೂತಿದ್ದೀರಿ ಎಂದು ಕೇಳು.”