ಮೂರು ಬಾಗಿಲ ಮಹಾನಂದಕ್ಕ

ಬಹಳ ಹಿಂದೆ, ಒಂದೂರಿನಲ್ಲಿ, ಮೂರು ಭಾಷೆಯ ಜನ ಒಂದೇ ಬಾವಿಯ ನೀರು ಕುಡಿಯುತ್ತಿದ್ದರು. ಎಷ್ಟು ಹಿಂದೆ ಎಂದು ಕೇಳಬೇಡಿ. ಫೋನುಗಳು ಆಗಲೇ ಇದ್ದವು, ಈಗಿನಷ್ಟು ಜಾಣವಾಗಿರಲಿಲ್ಲ ಅಂತ ಇಟ್ಟುಕೊಳ್ಳಿ. ಆ ಊರಲ್ಲೊಂದು ಧರ್ಮಾಸ್ಪತ್ರೆ. ಆಸ್ಪತ್ರೆಗೊಂದು ಜಾಲತಾಣ. ಕನ್ನಡದವರಿಗೆ ಒಂದು ವಿಳಾಸ, ಮರಾಠಿಯವರಿಗೆ ಇನ್ನೊಂದು, ಉರ್ದುವಿನವರಿಗೆ ಮತ್ತೊಂದು. ಜನ ಅವನ್ನು ಮೂರು ಬಾಗಿಲು ಎನ್ನುತ್ತಿದ್ದರಂತೆ. ಯಾವ ಬಾಗಿಲಲ್ಲಿ ಹೆಸರು ಬರೆಸಿದ್ದರೋ ಆ ಬಾಗಿಲಲ್ಲೇ ಸರದಿ ಹಿಡಿಯಬೇಕು. ಸರದಿ ಯಂತ್ರವೇ ಕೊಡಬೇಕು, ಮನುಷ್ಯರು ಕೊಡುವಂತಿಲ್ಲ. ಅಲ್ಲಿನ ಕಟ್ಟಳೆ ಹಾಗಿತ್ತು.

ಆ ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಮಹಾನಂದಕ್ಕ ಎಂಬಾಕೆ ಇದ್ದಳು. ಮೊದಲು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವಳು. ಮೂರೂ ಭಾಷೆಯ ಅಕ್ಷರ ಅವಳಿಗೆ ತಲೆಕೆಳಗಾಗಿಯೂ ಓದಲು ಬರುತ್ತಿತ್ತಂತೆ. ಅಚ್ಚುಕೂಟ ಮುಚ್ಚಿದ ಮೇಲೆ ಇಲ್ಲಿ ಮೂರು ಬಾಗಿಲ ಬರಹದ ತಪ್ಪು ತಿದ್ದುವ ಕೆಲಸ ಸಿಕ್ಕಿತು. ಉಳಿದ ವಿದ್ಯೆಯನ್ನು ನೋಡಿ ನೋಡಿ ತಾನೇ ಕಲಿತಳು. ಫ್ಯಾನಿನ ಸದ್ದು ಕೇಳಿಯೇ ಯಾವ ಕಡತ ಬಂದಿಲ್ಲ ಎಂದು ಹೇಳುತ್ತಿದ್ದಳು ಅನ್ನುವವರೂ ಇದ್ದಾರೆ. ನಾನು ಅಷ್ಟೆಲ್ಲ ನಂಬುವವನಲ್ಲ. ಕೇಳಲು ಚೆನ್ನಾಗಿದೆ, ಹೇಳುತ್ತೇನೆ.

ಒಂದು ಸೋಮವಾರ ಬೆಳಿಗ್ಗೆ ಜೈತುನ್‌ಬಿ ಎಂಬ ಹೆಂಗಸು ಎರಡು ಬಸ್ಸು ಬದಲಿಸಿ ಆ ಕೋಣೆಯ ಬಾಗಿಲಿಗೆ ಬಂದು ನಿಂತಳಂತೆ. ಅವಳ ಗಂಡ ಮದಾರ್‌ಸಾಬ್‌ಗೆ ಕಿಡ್ನಿ ಕೆಟ್ಟಿತ್ತು, ಡಯಾಲಿಸಿಸ್ ಆಗಬೇಕಿತ್ತು. ಉರ್ದು ಬಾಗಿಲಲ್ಲಿ ಅವಳು ಗುಂಡಿ ಒತ್ತುತ್ತಾಳೆ, ಸರದಿ ಸಿಗುವುದಿಲ್ಲ. ಹಾಗೆ ಎರಡು ಸರದಿ ತಪ್ಪಿದ್ದವು. ಗಂಡನ ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಮೂರನೆಯದೂ ತಪ್ಪಿದರೆ ಆಸೆ ಬಿಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆ ದಿನ ಮಧ್ಯಾಹ್ನ ಹನ್ನೆರಡಕ್ಕೆ ಆ ಸರದಿಯ ಪಟ್ಟಿ ಮುಚ್ಚುತ್ತಿತ್ತು.

ಕೋಣೆಯ ಮುಖ್ಯಸ್ಥ ಬಸಲಿಂಗಪ್ಪ ಕೆಟ್ಟವನಲ್ಲ. ತನ್ನ ಯಂತ್ರದಲ್ಲಿ ಉರ್ದು ಬಾಗಿಲು ತೆರೆದು ಗುಂಡಿ ಒತ್ತಿದ, ಗುಂಡಿ ಕೆಲಸ ಮಾಡಿತು. "ನಮ್ಮ ಕಡೆ ನಡೀತದಲ್ಲ! ಬಲದಿಂದ ಎಡಕ್ಕ ಓದೋ ಮಂದಿ, ಎಲ್ಲೋ ತಪ್ಪಿ ಒತ್ಯಾರ" ಅಂದನಂತೆ. ಕೂತಿದ್ದವರು ನಕ್ಕರಂತೆ. ಜೈತುನ್‌ಬಿ ಸೆರಗಿನಲ್ಲಿ ಫೋನು ಒರೆಸುತ್ತ ನಿಂತೇ ಇದ್ದಳು.

ಮಹಾನಂದಕ್ಕ ಎದ್ದು ಬಂದಳು. ಅವಳ ಪದ್ಧತಿಯೇ ಹಾಗೆ, ತನ್ನ ಯಂತ್ರ ಮುಟ್ಟುತ್ತಿರಲಿಲ್ಲ. ಕಷ್ಟ ಯಾರದೋ ಅವರ ಫೋನನ್ನು ಕೇಳಿ ಪಡೆದು, ಅವರ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಫೋನನ್ನು ಬಸಲಿಂಗಪ್ಪನ ಮುಂದೆ ಹಿಡಿದಳು.

"ತಮ್ಮಾ, ನೀನೇ ನಿನ್ನ ಕೈಯಿಂದ ಒತ್ತಿ ನೋಡು."

ಅವನು ಒತ್ತಿದ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದ. ಮೂರನೇ ಸಲ ಒತ್ತುವಾಗ ಅವನ ಮುಖ ಸಣ್ಣದಾಗಿತ್ತಂತೆ.

ಆಮೇಲೆ ಅವಳು ಆ ಪುಟವನ್ನು ಹಿಂದೆಂದೂ ತೆರೆಯದ, ಹಳೆಯದೊಂದೂ ನೆನಪಿಲ್ಲದ ಯಂತ್ರವೊಂದರಲ್ಲಿ ಉರ್ದು ಬಾಗಿಲು ತೆರೆಸಿದಳು. ಪುಟದ ತಪ್ಪುಗಳು ಕೆಂಪು ಸಾಲಿನಲ್ಲಿ ಕಾಣುವ ಜಾಗ ಒಂದಿರುತ್ತದೆ, ಅದನ್ನು ತೆರೆದು ಕೂತವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದಳು. ಗುಂಡಿಗೆ ಜೀವ ಕೊಡುವ ಆದೇಶಗಳ ಕಡತ, ಅವರು ಸ್ಕ್ರಿಪ್ಟ್ ಎನ್ನುವುದು, ಬಂದಿತ್ತು, ಬಾಗಿಲೇ ಅದನ್ನು ಹೊರಗೆ ನಿಲ್ಲಿಸಿತ್ತು.

ಆಗಿದ್ದು ಇಷ್ಟು. ಎರಡು ವಾರದ ಹಿಂದೆ ಮೂರೂ ಬಾಗಿಲ ಸ್ಕ್ರಿಪ್ಟುಗಳನ್ನು ಒಂದೇ ಹೊಸ ಉಗ್ರಾಣಕ್ಕೆ, ಅಂದರೆ ಬೇರೊಂದು ಸರ್ವರಿಗೆ, ಸಾಗಿಸಿದ್ದರು. ಯಾವ ಉಗ್ರಾಣದಿಂದ ಬಂದದ್ದನ್ನು ಒಳಗೆ ಬಿಡಬೇಕು ಎಂಬ ಪಟ್ಟಿ ಒಂದೊಂದು ಬಾಗಿಲಿಗೂ ಬೇರೆ ಬೇರೆ. ಕನ್ನಡದ ಪಟ್ಟಿಯಲ್ಲಿ ಹೊಸ ಉಗ್ರಾಣದ ಹೆಸರು ಬರೆದರು, ಮರಾಠಿಯದರಲ್ಲೂ ಬರೆದರು. ಉರ್ದುವಿನದರಲ್ಲಿ ಮರೆತರು. ಕೋಣೆಯವರ ಯಂತ್ರಗಳು ಮಾತ್ರ ಮೊದಲಿನ ಪುಟವನ್ನೇ ಬಚ್ಚಿಟ್ಟುಕೊಂಡು ಅದನ್ನೇ ತೋರಿಸುತ್ತಿದ್ದವು. ಎಲ್ಲ ಸರಿಯಿದೆ ಎಂದು ಅವರೂ ನಂಬಿಕೊಂಡು ಕೂತಿದ್ದರು.

ಬದಲಾವಣೆಗೆ ಮೇಲಿನವರ ಒಪ್ಪಿಗೆ ಬೇಕು, ಒಪ್ಪಿಗೆಗೆ ಒಂದು ವಾರ ಬೇಕು. ಮಹಾನಂದಕ್ಕ ಗಡಿಯಾರ ನೋಡಿದಳಂತೆ. ಬಸಲಿಂಗಪ್ಪ ಕುರ್ಚಿ ಎಳೆದುಕೊಂಡು ಕೂತ. "ಬೈಸಿಕೊಳ್ಳೋದು ನನಗಿರಲಿ" ಅಂದು ಉರ್ದು ಬಾಗಿಲ ಪಟ್ಟಿಯಲ್ಲಿ ಉಗ್ರಾಣದ ಆ ಒಂದು ಹೆಸರನ್ನು ತಾನೇ ಬರೆದ. ಇದಕ್ಕಾಗಿ ಅವನನ್ನೂ ನೆನೆಯಬೇಕು, ನಮ್ಮವರು ಮರೆಯುತ್ತಾರೆ.

ಹನ್ನೆರಡಕ್ಕೆ ಇನ್ನೂ ಒಂಬತ್ತು ನಿಮಿಷವಿತ್ತಂತೆ. ಜೈತುನ್‌ಬಿ ಪುಟವನ್ನು ಹೊಸದಾಗಿ ತೆರೆದು ಗುಂಡಿ ಒತ್ತಿದಳು. ಹಸಿರು ಚೀಟಿ ಬಂತು, ಅದರ ಮೇಲೆ ಮದಾರ್‌ಸಾಬ್ ಎಂಬ ಹೆಸರಿತ್ತು. ಅವಳು ಮಹಾನಂದಕ್ಕನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ನಾನೇ ತಪ್ಪು ಒತ್ತಲಿಕ್ಕತ್ತೀನಿ ಅಂತ ಎರಡು ವಾರ ನನ್ನ ಕೈಗೇ ಬೈದೆನಕ್ಕಾ" ಅಂದಳಂತೆ. ಬಸಲಿಂಗಪ್ಪ ತಲೆ ತಗ್ಗಿಸಿದ.

ಅಕ್ಕ ತೀರಿಕೊಂಡು ಬಹಳ ವರ್ಷವಾಯಿತು. ಆ ಕೋಣೆಯಲ್ಲಿ ಈಗಲೂ ಹೊಸ ಕೆಲಸ ಮುಗಿದ ದಿನ ಒಬ್ಬರು ಎದ್ದು ವರಾಂಡಕ್ಕೆ ಬರುತ್ತಾರೆ. ಸರದಿಗೆ ಕೂತ ಯಾರದಾದರೂ ಫೋನನ್ನು ಕೇಳಿ ಪಡೆಯುತ್ತಾರೆ. ಮೊದಲು ಉರ್ದು ಬಾಗಿಲು, ಆಮೇಲೆ ಮರಾಠಿ, ಕೊನೆಗೆ ಕನ್ನಡ. ಕೆಂಪು ಸಾಲು ಕಂಡರೆ ಗಟ್ಟಿಯಾಗಿ ಓದುತ್ತಾರೆ. ಕಾಣದಿದ್ದರೆ ಫೋನನ್ನು ಎರಡೂ ಕೈಯಿಂದ ಹಿಂದಿರುಗಿಸಿ, "ಮಹಾನಂದಕ್ಕ ನೋಡಿದಳು" ಎನ್ನುತ್ತಾರೆ. ಅಲ್ಲಿಯವರೆಗೆ ಕೆಲಸ ಮುಗಿದಂತಲ್ಲ.

ಇಷ್ಟು ಹೊತ್ತು ಅವರಿವರು ಹೇಳಿದ್ದನ್ನು ಹೇಳಿದೆ. ಇನ್ನೊಂದು ಮಾತು ಮಾತ್ರ ಯಾರೂ ಹೇಳಿದ್ದಲ್ಲ. ಮದಾರ್‌ಸಾಬ್ ಆಮೇಲೆ ಹನ್ನೊಂದು ವರ್ಷ ಬದುಕಿದರು. ನನಗೆ ಸೈಕಲ್ ಕಲಿಸಿದ್ದು ಅವರೇ. ನನ್ನ ಅಜ್ಜ.